ಡಾಕ್ಟರಮ್ಮ ಬರುವ ಮೊದಲು ತೊಳೆದಿಟ್ಟ ಕುದುರೆ

ಹೋದ ವಾರ ನನ್ನ ಮೊಮ್ಮಗಳು ಚೈತ್ರ ಕೆಲಸದ ಕಾಗದ ಹಿಡಿದುಕೊಂಡು ಮನೆಗೆ ಬಂದಳು. ಪಶುಪಾಲನೆಯ ಡಿಪ್ಲೊಮಾ ಮುಗಿಸಿದ್ದಾಳೆ. ದೇವನಹಳ್ಳಿ ಕಡೆಯ ಒಂದು ಕುದುರೆ ಫಾರ್ಮಿನಲ್ಲಿ ಡಾಕ್ಟರಿಗೆ ಸಹಾಯಕಿಯಾಗಿ ಸೇರುತ್ತಾಳೆ. ಕಾಗದ ಇಂಗ್ಲಿಷಿನಲ್ಲಿತ್ತು. ಅವಳ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಆಮೇಲೆ ತಡೆಯಲಾಗದೆ ಬೀದಿಯ ಅಷ್ಟೂ ಮನೆಗೆ ಹೋಗಿ ಸಕ್ಕರೆ ಕೊಟ್ಟು ಬಂದೆ. ನಾವಿರುವುದು ದೊಡ್ಡಬಳ್ಳಾಪುರದಲ್ಲಿ, ಎರಡೂ ಪಕ್ಕ ಮಗ್ಗದ ಮನೆಗಳು. ಆ ಸದ್ದಿನಲ್ಲಿ ಒಳ್ಳೆಯ ಸುದ್ದಿಯನ್ನೂ ಜಗಳದ ಹಾಗೆ ಕೂಗಿ ಹೇಳಬೇಕು. ಪಕ್ಕದ ಮನೆಯ ರತ್ನಮ್ಮ ಮಗ್ಗ ನಿಲ್ಲಿಸಿ ಓಡಿ ಬಂದು, "ಏನಾಯ್ತು ನರಸಮ್ಮ, ಯಾರ್ ಹೋದ್ರು?" ಎಂದು ಕೇಳಿದಳು. "ಯಾರೂ ಹೋಗಿಲ್ಲ ಕಣೆ, ನನ್ನ ಮೊಮ್ಮಗಳು ಕೆಲಸಕ್ಕೆ ಹೋಗ್ತಾಳೆ" ಎಂದು ಅವಳ ಬಾಯಿಗೂ ಸಕ್ಕರೆ ಹಾಕಿದೆ.

ಸಂಜೆ ಚೈತ್ರ ಒಂದು ನೋಟ್‌ಬುಕ್ಕು ತಂದು ಮುಂದಿಟ್ಟಳು. "ಅಜ್ಜಿ, ನೀನು ಫಾರ್ಮಲ್ಲಿ ಮಾಡಿದ್ದನ್ನೆಲ್ಲ ಬರಿ. ನನ್ ಜೊತೆ ಇನ್ನೂ ನಾಲ್ಕು ಜನ ಹೊಸಬ್ರು ಸೇರ್ತಿದ್ದಾರೆ. ಎಲ್ರೂ ಓದ್ತೀವಿ" ಎಂದಳು. ನಾನು ಸಾಸಲಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಹೋದವಳು. ಬರೆದದ್ದರ ಕಾಗುಣಿತ ಅವಳು ತಿದ್ದಿದ್ದಾಳೆ. ವಿಷಯ ಮಾತ್ರ ತಿದ್ದಕೂಡದು ಎಂದು ಮೊದಲೇ ಮಾತು ತೆಗೆದುಕೊಂಡಿದ್ದೇನೆ. ಇದರಲ್ಲಿ ಅಜ್ಜಿಯ ತಪ್ಪೂ ಇದೆ, ಅದನ್ನು ಮೊಮ್ಮಗಳು ಸಣ್ಣದು ಮಾಡಿಬಿಟ್ಟಾಳು ಎಂಬ ಭಯ.

ನಮ್ಮ ಫಾರ್ಮು ಸಾಸಲು ರಸ್ತೆಯಿಂದ ಸ್ವಲ್ಪ ಒಳಗಿತ್ತು. ಅದರ ಹೆಸರು ಬರೆಯುವುದಿಲ್ಲ. ರೇಸಿಗೆ ಓಡುವ ಕುದುರೆಗಳ ಮರಿ ಮಾಡಿಸುವ ಜಾಗ. ಓಡಿ ಮುಗಿಸಿದ ಒಳ್ಳೆಯ ಜಾತಿಯ ಹೆಣ್ಣುಕುದುರೆಗಳು ಅಲ್ಲಿ ನಲವತ್ತರ ಮೇಲೆ ಇದ್ದವು. ನಾನು ಸೇರಿದ್ದು ಹುಲ್ಲು ಕೊಯ್ಯುವುದಕ್ಕೆ. ಮೂರನೇ ವರ್ಷ ಈಯುವ ಲಾಯದಲ್ಲಿ ಒಬ್ಬ ಹೆಂಗಸು ಬೇಕು ಎಂದು ನನ್ನನ್ನು ಅಲ್ಲಿಗೆ ಹಾಕಿದರು. ಬಿಸಿನೀರು ಕಾಯಿಸಬೇಕು, ಬಟ್ಟೆ ಕುದಿಸಬೇಕು, ಡಾಕ್ಟರು ಪರೀಕ್ಷೆ ಮಾಡುವಾಗ ಕುದುರೆಯ ಬಾಲಕ್ಕೆ ಪಟ್ಟಿ ಸುತ್ತಿ ಪಕ್ಕಕ್ಕೆ ಹಿಡಿಯಬೇಕು, ಹಿಂಭಾಗ ತೊಳೆಯಬೇಕು. ಊರಿನಲ್ಲಿ ನನ್ನನ್ನು "ಬಾಲ ತೊಳೆಯೋಳು" ಎನ್ನುತ್ತಿದ್ದರು. ಮೊದಮೊದಲು ನೋವಾಗುತ್ತಿತ್ತು. ಆಮೇಲೆ ನಾನೇ "ಹೂಂ ಕಣ್ರೋ, ನಿಮ್ ಬಾಯಿ ತೊಳೆಯೋದಕ್ಕಿಂತ ವಾಸಿ" ಎನ್ನಲು ಕಲಿತೆ.

ಹೊಸಬರಿಗೆ ಮೊದಲು ಹೇಳಬೇಕಾದದ್ದು ಕುದುರೆಯ ಹಿಂದೆ ಎಲ್ಲಿ ನಿಲ್ಲಬೇಕು ಎಂಬುದು. ನೇರ ಹಿಂದೆ ನಿಲ್ಲಬೇಡಿ. ತೊಡೆಗೆ ಮೈ ಒತ್ತಿ, ಪಕ್ಕಕ್ಕೆ ನಿಲ್ಲಿ. ದೂರ ನಿಂತವನಿಗೆ ಒದೆ ಜೋರಾಗಿ ಬೀಳುತ್ತದೆ, ಅಂಟಿಕೊಂಡವನಿಗೆ ಬರೀ ತಳ್ಳಿದ ಹಾಗಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಎಡಗಾಲಿನ ಮೂಳೆ ಹೇಳಿಕೊಟ್ಟಿತು. ಇನ್ನೊಂದು, ಕೈ ಬೆಚ್ಚಗಿರಲಿ. ಮುಂಜಾನೆ ತಣ್ಣನೆಯ ಕೈ ತಾಗಿದರೆ ಎಂಥ ಸಾಧು ಕುದುರೆಯೂ ಬೆದರುತ್ತದೆ.

ಆಗಿನ ಕಾಲದ ವೈದ್ಯವನ್ನೂ ಹೇಳಬೇಕು. ನಾನು ಸೇರಿದಾಗ ಒಬ್ಬರು ಹಳೆಯ ಡಾಕ್ಟರು ಇದ್ದರು. ಕೈಗುಣ ಒಳ್ಳೆಯದು, ಕುದುರೆಯ ಕಣ್ಣು ನೋಡಿ ಹೊಟ್ಟೆನೋವು ಹೇಳುತ್ತಿದ್ದರು. ಅವರದ್ದೊಂದು ನಿಯಮ ಇತ್ತು. ಈದ ಪ್ರತಿ ಕುದುರೆಗೂ, ಗಂಡುಕುದುರೆಗೆ ಬಿಟ್ಟ ಪ್ರತಿ ಕುದುರೆಗೂ ಗರ್ಭಚೀಲದೊಳಗೆ ಒಂದು ಸೀಸೆ ಆಂಟಿಬಯೋಟಿಕ್ ಹಾಕಿಬಿಡುವುದು. ರೋಗ ಇದೆಯೋ ಇಲ್ಲವೋ ನೋಡುವ ಮಾತಿಲ್ಲ. "ಬಾಗಿಲಿಗೆ ಬೀಗ ಹಾಕಿದ ಹಾಗೆ" ಎನ್ನುತ್ತಿದ್ದರು. ಕಾಂಪೌಂಡರ್ ಮುನಿರಾಜಪ್ಪ ಔಷಧಿಯನ್ನು ನೀರಿಗೆ ಬೆರೆಸಿ ಉದ್ದನೆಯ ಕೊಳವೆಯಲ್ಲಿ ಬಿಡುತ್ತಿದ್ದ, ನಾನು ಬಾಲ ಹಿಡಿಯುತ್ತಿದ್ದೆ. ವರ್ಷ ವರ್ಷ ಹೀಗೇ. ಮುನಿರಾಜಪ್ಪ ಆವತಿಯವನು. ಕೈ ಚುರುಕು, ಬಾಯಿ ಇನ್ನೂ ಚುರುಕು, ನನ್ನನ್ನು ನರಸಕ್ಕ ಎನ್ನುತ್ತಿದ್ದ. ಅವನ ಮನೆಯ ಮುದ್ದೆಯನ್ನು ನಾನೂ ನನ್ನ ಮನೆಯ ಸಾರನ್ನು ಅವನೂ ಎಷ್ಟು ವರ್ಷ ಹಂಚಿಕೊಂಡು ತಿಂದೆವೋ ಲೆಕ್ಕವಿಲ್ಲ.

ಸೀಸೆಯಲ್ಲಿ ಮಿಕ್ಕ ಔಷಧಿಯನ್ನು ಚೆಲ್ಲುತ್ತಿರಲಿಲ್ಲ. ಚೆಲ್ಲಿದರೆ ಪಾಪ ಎಂಬ ಭಾವನೆ. ಎರಡು ಸೀಸೆಯ ಮಿಕ್ಕದ್ದನ್ನು ಸೇರಿಸಿ ಇಡುತ್ತಿದ್ದೆವು. ಯಾವುದಾದರೂ ಕುದುರೆ ಸ್ವಲ್ಪ ಸೋರುತ್ತಿದೆ ಅನ್ನಿಸಿದರೆ ಡಾಕ್ಟರನ್ನು ಕೇಳದೆ ಅದನ್ನೇ ಹಾಕುವುದು. ಅರ್ಧ ಅಳತೆಯೋ ಕಾಲು ಅಳತೆಯೋ ನಮಗೆ ಗೊತ್ತಿರಲಿಲ್ಲ. ಎಲ್ಲ ಕುದುರೆಗೂ ಒಂದೇ ಬಕೀಟು, ಒಂದೇ ಸ್ಪಂಜು. ಬಕೀಟಿಗೆ ಒಂದು ಮುಚ್ಚಳ ಸ್ಯಾವ್ಲಾನ್ ಬಿದ್ದರೆ ಅದು ಗಂಗಾಜಲ ಎಂದು ನಂಬಿದ್ದೆವು.

ಹಳೆಯ ಡಾಕ್ಟರು ಹೋದ ಮೇಲೆ ಡಾಕ್ಟರ್ ಸುಮತಿ ಬಂದರು. ಸೂಲಿಬೆಲೆ ಕಡೆಯ ಒಕ್ಕಲು ಮನೆಯ ಹೆಣ್ಣುಮಗಳು, ಎಮ್ಮೆ ಹಸು ನೋಡಿಕೊಂಡೇ ಬೆಳೆದವರು. ಬಂದ ಮೊದಲ ದಿನ ನನ್ನ ಬಕೀಟಿನೊಳಗೆ ಬಗ್ಗಿ ನೋಡಿ, ಸ್ಪಂಜನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು.

"ಇದು ಯಾವ ಕುದುರೇದು ನರಸಮ್ಮ?"

"ಎಲ್ಲದಕ್ಕೂ ಅದೇ ಮೇಡಂ."

"ನಿಮ್ಮ ಮನೇಲಿ ಎಲ್ರಿಗೂ ಒಂದೇ ಹಲ್ಲುಜ್ಜೋ ಬ್ರಷ್ಷಾ?"

ಸುತ್ತಲಿದ್ದ ಸೈಸ್‌ಗಳು, ಅಂದರೆ ಕುದುರೆ ನೋಡಿಕೊಳ್ಳುವ ಆಳುಗಳು, ಕಿಸಕ್ಕೆಂದು ನಕ್ಕರು. ನನಗೆ ಮೈ ಉರಿದುಹೋಯಿತು. ಮಾರನೆಯ ದಿನದಿಂದ ಸ್ಪಂಜು ಹೋಗಿ ಹತ್ತಿ ಬಂತು. ಒಂದು ಸಲ ಒರೆಸಿದ್ದನ್ನು ಮತ್ತೆ ನೀರಿಗೆ ಅದ್ದದೆ ಎಸೆಯಬೇಕು, ಪ್ರತಿ ಕುದುರೆಗೂ ಬಕೀಟಿಗೆ ಹೊಸ ಪ್ಲಾಸ್ಟಿಕ್ ಚೀಲ ಹಾಕಬೇಕು. ಅಷ್ಟು ಹತ್ತಿ ಎಸೆಯುವುದು ನನಗೆ ದುಡ್ಡು ಎಸೆದ ಹಾಗೆ ಅನ್ನಿಸುತ್ತಿತ್ತು. ಗಂಡುಕುದುರೆಗೆ ಬಿಟ್ಟ ಮೇಲೆ ಹಾಕುತ್ತಿದ್ದ ಸೀಸೆಯನ್ನೂ ಅವರು ನಿಲ್ಲಿಸಿಬಿಟ್ಟರು. ಅವರ ಎದುರಿಗೆ ನಿಂತಿತು ಎನ್ನಬೇಕು. ಮರೆಯಲ್ಲಿ ಪೂರ್ತಿ ನಿಂತಿರಲಿಲ್ಲ.

ಈಗ ಗಂಗೆಯ ವಿಷಯಕ್ಕೆ ಬರುತ್ತೇನೆ. ಅವಳ ರೇಸಿನ ಹೆಸರು ಬೇರೆ, ಇಂಗ್ಲಿಷಿನದು, ನಾಲಿಗೆ ಹೊರಳದು. ಬೂದು ಬಣ್ಣದ ಎತ್ತರದ ಕುದುರೆ. ನಾವು ಗಂಗೆ ಎನ್ನುತ್ತಿದ್ದೆವು. ಮೊದಲು ಐದು ಮರಿ ಹಾಕಿದ್ದಳು. ಆಮೇಲೆ ಎರಡು ವರ್ಷ ಗಬ್ಬ ನಿಲ್ಲಲಿಲ್ಲ. ಮೂರನೇ ವರ್ಷ ನಿಂತು, ಏಳನೇ ತಿಂಗಳಲ್ಲಿ ಕಂದು ಹಾಕಿದಳು. ಆ ಸತ್ತ ಮರಿಯನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡು ಹೋದವಳು ನಾನೇ. ಗಂಗೆ ಮೂರು ದಿನ ಆ ಗೋಣಿಯ ದಾರಿಯನ್ನೇ ನೋಡುತ್ತ ನಿಂತಿದ್ದಳು.

ಫಾರ್ಮಿನ ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ, ಆದರೆ ಅವರ ಕಣ್ಣಿಗೆ ಮರಿ ಹಾಕದ ಕುದುರೆ ಎಂದರೆ ಮೇವು ತಿನ್ನುವ ಬಾಯಿ. "ಈ ಸೀಸನ್ನಲ್ಲೂ ನಿಲ್ಲದಿದ್ರೆ ಆ ಗೊಡ್ಡನ್ನ ಕಳಿಸಿಬಿಡೋಣ" ಎಂದರು. ಎಲ್ಲಿಗೆ ಎಂದು ನಮಗೆ ಗೊತ್ತಿತ್ತು. ಮದುವೆ ಮೆರವಣಿಗೆಗೆ ಕುದುರೆ ಬಿಡುವ ಒಬ್ಬರು ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಬಂದು ಇಂಥವನ್ನು ನೋಡಿಕೊಂಡು ಹೋಗುತ್ತಿದ್ದರು. ಪಟಾಕಿ, ಬ್ಯಾಂಡು, ಟಾರು ರಸ್ತೆ. ಎಲೆ ಅಲುಗಿದರೆ ಬೆಚ್ಚುವ ಗಂಗೆ ಅಲ್ಲಿ ಒಂದು ವರ್ಷ ಬದುಕುತ್ತಾಳೆ ಎಂಬ ನಂಬಿಕೆ ನಮಗೆ ಯಾರಿಗೂ ಇರಲಿಲ್ಲ.

ಗೊಡ್ಡು ಎಂಬ ಮಾತು ನನಗೆ ಹೊಸದಲ್ಲ. ಮದುವೆಯಾಗಿ ಆರು ವರ್ಷ ನನಗೆ ಮಕ್ಕಳಾಗಲಿಲ್ಲ. ನಮ್ಮತ್ತೆ ಬಾವಿಕಟ್ಟೆಯಲ್ಲಿ ನಾಲ್ಕು ಜನರ ಎದುರಿಗೆ ಆ ಮಾತನ್ನು ಎಷ್ಟೋ ಸಲ ಅಂದಿದ್ದರು. ಏಳನೇ ವರ್ಷ ಚೈತ್ರಳ ಅಪ್ಪ ಹುಟ್ಟಿದ. ಹಾಗಾಗಿ ಗಂಗೆಯ ಮೇಲೆ ನನಗೆ ಇದ್ದದ್ದು ಬರೀ ಕೆಲಸದವಳ ಪ್ರೀತಿ ಅಲ್ಲ. ಅವಳು ಹೇಗಾದರೂ ಒಂದು ಮರಿ ಹಾಕಬೇಕು ಎಂದು ನಾನು ಹಟಕ್ಕೆ ಬಿದ್ದಿದ್ದೆ.

ಫೆಬ್ರವರಿಯಲ್ಲಿ ಸೀಸನ್ ಶುರುವಾಯಿತು. ಗಂಗೆ ಬೆದೆಗೆ ಬಂದಾಗ ಡಾಕ್ಟರಮ್ಮ, "ನಾಳೆ ಇವಳ ಗರ್ಭಚೀಲದಿಂದ ಸ್ವಾಬ್ ತೆಗೀತೀನಿ" ಎಂದರು. ಉದ್ದನೆಯ ಕಡ್ಡಿಯ ತುದಿಯಲ್ಲಿ ಹತ್ತಿ ಇರುತ್ತದೆ. ಅದನ್ನು ಒಳಗೆ ತಾಗಿಸಿ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸಿದರೆ, ಒಳಗೆ ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ಅಲ್ಲಿ ಹೇಳುತ್ತಾರೆ. ಹೋಗುವ ಮೊದಲು ನಮ್ಮಿಬ್ಬರನ್ನೂ ಕೇಳಿದರು, "ಇವಳಿಗೆ ಈಚೆಗೆ ಔಷಧಿ ಏನಾದ್ರೂ ಕೊಟ್ಟಿದ್ದೀರಾ? ಕೊಡಬೇಡಿ." ಮುನಿರಾಜಪ್ಪ "ಇಲ್ಲ ಮೇಡಂ" ಎಂದ. ನಾನೂ ತಲೆ ಆಡಿಸಿದೆ.

ಅದು ಸುಳ್ಳು ಎಂದು ನಮಗೆ ಅನ್ನಿಸಲೇ ಇಲ್ಲ. ನಮ್ಮ ಲೆಕ್ಕದಲ್ಲಿ ಔಷಧಿ ಎಂದರೆ ಸೂಜಿಯಲ್ಲಿ ಕೊಡುವುದು, ಬಾಯಿಗೆ ಹಾಕುವುದು. ಕೊಳವೆಯಲ್ಲಿ ಒಳಗೆ ಬಿಡುವುದಕ್ಕೆ ನಾವು "ತೊಳೆಯೋದು" ಎನ್ನುತ್ತಿದ್ದೆವು. ಪಾತ್ರೆ ತೊಳೆದ ಹಾಗೆ, ಅಷ್ಟೇ.

ಆ ಮಧ್ಯಾಹ್ನ ನಾನು ಮುನಿರಾಜಪ್ಪನಿಗೆ ಹೇಳಿದೆ: "ನಾಳೆ ಡಾಕ್ಟರಮ್ಮ ಒಳಗಿಂದ ತೆಗೆದು ಬೆಂಗಳೂರಿಗೆ ಕಳಿಸ್ತಾರಂತೆ. ಗಲೀಜು ಹೋದ್ರೆ ಏನಂದ್ಕೊಳಲ್ಲ ಅಲ್ಲಿಯವ್ರು? ಒಂದ್ಸಲ ತೊಳೆದಿಡಪ್ಪ." ನೆಂಟರು ಬರುತ್ತಾರೆಂದರೆ ಅಂಗಳ ಸಾರಿಸುವುದಿಲ್ಲವೇ, ಅದೇ ಬುದ್ಧಿ. ಅವನು ಮಿಕ್ಕ ಔಷಧಿಯನ್ನು ನೀರಿಗೆ ಬೆರೆಸಿ ಬಿಟ್ಟ. ನಾನು ಹೊರಗೆಲ್ಲ ಸ್ಯಾವ್ಲಾನ್ ಹಾಕಿ ಉಜ್ಜಿದೆ. ಮಾರನೆಯ ಬೆಳಗ್ಗೆ ಗಂಗೆ ಮದುಮಗಳ ಹಾಗೆ ನಿಂತಿದ್ದಳು. ಡಾಕ್ಟರಮ್ಮ "ಚೆನ್ನಾಗಿ ಇಟ್ಟಿದ್ದೀರ" ಎಂದಾಗ ನನಗೆ ಹೆಮ್ಮೆ.

ಲ್ಯಾಬಿನ ವರದಿ ಬಂತು. ಏನೂ ಬೆಳೆದಿಲ್ಲ. ನಾನು ದೇವರಿಗೆ ಕೈ ಮುಗಿದೆ. ಡಾಕ್ಟರಮ್ಮ ಮಾತ್ರ ಹುಬ್ಬು ಗಂಟಿಕ್ಕಿದರು. ಅವರು ಅದೇ ದಿನ ಒಂದು ಗಾಜಿನ ಚೂರಿನ ಮೇಲೂ ಸ್ವಲ್ಪ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರಂತೆ. ಅದರಲ್ಲಿ ಕೀವಿನ ಕಣ ತುಂಬಿತ್ತು. "ಹೊಗೆ ಕಾಣ್ತಿದೆ, ಬೆಂಕಿ ಸಿಗ್ತಿಲ್ಲ" ಎಂದರು. ಮುಂದಿನ ಬೆದೆಗೆ ಮತ್ತೆ ಸ್ವಾಬ್ ತೆಗೆದರು. ನಾವು ಮತ್ತೆ ಹಿಂದಿನ ದಿನ ತೊಳೆದಿಟ್ಟೆವು. ಮತ್ತೆ ಏನೂ ಬೆಳೆಯಲಿಲ್ಲ.

ಮ್ಯಾನೇಜರ್ ಸಾಹೇಬರು ಎಷ್ಟು ದಿನ ಕಾಯುತ್ತಾರೆ? ಎರಡು ವರದಿ ಸರಿಯಿದೆ ಎಂದು ಗಂಗೆಯನ್ನು ಗಂಡುಕುದುರೆಗೆ ಬಿಡಿಸಿದರು. ಹದಿನಾರನೇ ದಿನ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಅವರೆಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಒಂದು ಕಪ್ಪು ಉಂಡೆ ಕಂಡಿತು. ಗಬ್ಬ ನಿಂತಿದೆ. ಅವತ್ತು ನಾನು ಮುನಿರಾಜಪ್ಪನಿಗೆ ಪಾಯಸ ಮಾಡಿ ತಂದುಕೊಟ್ಟೆ. ಇಪ್ಪತ್ತೆಂಟನೇ ದಿನ ಮತ್ತೆ ಸ್ಕ್ಯಾನ್. ಡಾಕ್ಟರಮ್ಮ ಮೂರು ಸಲ ಆಚೆ ಈಚೆ ನೋಡಿದರು. ಉಂಡೆ ಇರಲಿಲ್ಲ. ಗರ್ಭಚೀಲದಲ್ಲಿ ಬರೀ ನೀರು ತುಂಬಿಕೊಂಡಿತ್ತು.

ಕೈಗವಸು ಬಿಚ್ಚುತ್ತ ಅವರು ಲಾಯದ ಕಟ್ಟೆಯ ಮೇಲೆ ಕೂತರು. ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳುತ್ತ ಹೋದರು: "ಲ್ಯಾಬಲ್ಲಿ ಹತ್ತಿಯನ್ನ ಒಂದು ಲೋಳೆ ಹಾಸಿದ ತಟ್ಟೆ ಮೇಲೆ ಉಜ್ಜಿ ಬೆಚ್ಚಗೆ ಇಡ್ತಾರೆ. ರಾಗಿ ಪೈರಿಗೆ ಒಟ್ಲು ಹಾಕಿದ ಹಾಗೆ. ಕ್ರಿಮಿ ಇದ್ರೆ ಮೊಳಕೆ ಬರಲೇಬೇಕು. ಆಂಟಿಬಯೋಟಿಕ್ ತಾಗಿದ್ರೆ ಮಾತ್ರ ಒಂದಷ್ಟು ದಿನ ಮೊಳಕೆ ಬರಲ್ಲ. ಇವಳಿಗೆ ಏನೂ ಕೊಟ್ಟಿಲ್ವಲ್ಲ."

ನನ್ನ ಕೈಯಲ್ಲಿದ್ದ ಬಾಲದ ಪಟ್ಟಿ ಕೆಳಗೆ ಬಿತ್ತು. ಮುನಿರಾಜಪ್ಪ ನನ್ನನ್ನೇ ನೋಡುತ್ತಿದ್ದ. ಸಣ್ಣಗೆ ತಲೆ ಅಲ್ಲಾಡಿಸಿದ, ಬೇಡ ಎಂದು.

ಡಾಕ್ಟರಮ್ಮ ಆಚೆ ಹೋದ ಮೇಲೆ ಔಷಧಿ ಕೋಣೆಯ ಹಿಂದೆ ನಿಂತು ಮಾತಾಡಿದೆವು.

"ಬಾಯ್ ಮುಚ್ಕೊಂಡಿರು ನರಸಕ್ಕ. ನಿಂಗೆ ಇನ್ನಾರು ವರ್ಷ ಸರ್ವೀಸಿದೆ, ನಂಗೆ ಎಂಟು. ಕುದುರೆ ಇವತ್ತಿರುತ್ತೆ ನಾಳೆ ಹೋಗುತ್ತೆ."

"ಅದು ಹೋಗೋದು ನಮ್ಮಿಂದ ಅಲ್ವೇನಪ್ಪಾ?"

"ನಾವೇನ್ ವಿಷ ಹಾಕಿದ್ವಾ? ಔಷಧಿ ತಾನೆ?"

"ಅದೇ ಮುನಿರಾಜಪ್ಪ. ಔಷಧಿ ಕೊಟ್ಟಿಲ್ಲ ಅಂತ ಹೇಳಿದ್ವಲ್ಲ."

ಅವನು ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿದ. "ಹೇಳ್ಕೊ ಹೋಗು. ನನ್ ಹೆಸ್ರು ತೆಗೀಬೇಡ" ಎಂದ.

ಎರಡು ದಿನ ನಾನು ಸುಮ್ಮನಿದ್ದೆ. ಆ ಎರಡು ದಿನವನ್ನು ಸುಲಭವಾಗಿ ಬರೆಯಲಾರೆ. ಮೂರನೇ ದಿನ ಮೆರವಣಿಗೆ ಕುದುರೆಯವರು ಬಂದರು. ಗಂಗೆಯ ಬಾಯಿ ಬಿಡಿಸಿ ಹಲ್ಲು ನೋಡಿದರು, ಕಿವಿಯ ಹತ್ತಿರ ಜೋರಾಗಿ ಚಪ್ಪಾಳೆ ಹೊಡೆದು ಬೆದರುತ್ತಾಳೋ ನೋಡಿದರು. ಗಂಗೆ ಗೋಡೆಗೆ ಒತ್ತಿಕೊಂಡು ನಿಂತಳು. "ಪಳಗಿಸ್ಕೋತೀವಿ ಬಿಡಿ" ಎಂದು ಅವರು ನಕ್ಕರು. ನಾನು ಸೀದಾ ಡಾಕ್ಟರಮ್ಮನ ಕೋಣೆಗೆ ಹೋದೆ.

"ಮೇಡಂ, ಗಂಗೇನ ನಾನು ತೊಳೆದಿಟ್ಟೆ. ಎರಡು ಸಲಾನೂ."

"ತೊಳೆದ್ರಿ, ಗೊತ್ತು."

"ಹೊರಗಲ್ಲ. ಒಳಗೆ. ಮಿಕ್ಕಿದ ಔಷಧಿ ಹಾಕಿ. ನೀವು ಸ್ವಾಬ್ ತೆಗೆಯೋ ಹಿಂದಿನ ದಿನ."

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಎದ್ದು ಹೋಗಿ ತಮ್ಮ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಗಾಜಿನಾಚೆ ಅವರು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟಿದ್ದು ಕಾಣುತ್ತಿತ್ತು. ನಾನು ಬಿಸಿಲಲ್ಲೇ ನಿಂತಿದ್ದೆ. ಹೊರಗೆ ಬಂದವರು ಹೇಳಿದ್ದು ಇಷ್ಟೆ: "ಆ ಮರಿ ಹೋಗಬೇಕಾಗಿರಲಿಲ್ಲ ನರಸಮ್ಮ. ಅದು ನಿಮಗೆ ಗೊತ್ತಿರಲಿ."

ಇಷ್ಟು ವರ್ಷ ಆದರೂ ಆ ಮಾತು ಹೋಗಿಲ್ಲ. ಹೋಗಬಾರದು ಕೂಡ.

ಮ್ಯಾನೇಜರ್ ಸಾಹೇಬರಿಗೆ ವಿಷಯ ತಿಳಿದು ನನ್ನನ್ನು ಮತ್ತೆ ಹುಲ್ಲಿಗೆ ಹಾಕಿದರು. ಮುನಿರಾಜಪ್ಪನ ಹೆಸರು ನಾನು ಹೇಳಲಿಲ್ಲ. ಆದರೆ ಕೊಳವೆ ಹಾಕುವುದು ಯಾರು ಎಂದು ಎಲ್ಲರಿಗೂ ಗೊತ್ತಿದ್ದದ್ದೇ. ಅವನಿಗೂ ಬೈಗುಳ ಬಿತ್ತು. ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ನಾನೊಂದು ಮರ, ಅವನೊಂದು ಮರ.

ಹೇಳಿದ್ದರಿಂದ ಒಂದು ಉಪಯೋಗವಾಯಿತು. ಡಾಕ್ಟರಮ್ಮ ಗಂಗೆಗೆ ಏನನ್ನೂ ಹಾಕದೆ, ಮುಟ್ಟದೆ, ಮುಂದಿನ ಬೆದೆಯವರೆಗೆ ಕಾದು ಮೂರನೇ ಸ್ವಾಬ್ ಕಳಿಸಿದರು. ಈ ಸಲ ಬೆಳೆಯಿತು. ತಟ್ಟೆ ತುಂಬ ಬೆಳೆಯಿತಂತೆ. ವರದಿ ಹಿಡಿದುಕೊಂಡು ಅವರು ಹುಲ್ಲಿನ ಹೊಲಕ್ಕೇ ಬಂದು ನನ್ನ ಪಕ್ಕ ಬದುವಿನ ಮೇಲೆ ಕೂತು ತೋರಿಸಿದರು. ಒಂದು ಕಡೆ ಔಷಧಿಗಳ ಹೆಸರು, ಎದುರಿಗೆ ಒಂದೊಂದು ಇಂಗ್ಲಿಷ್ ಅಕ್ಷರ. ಎಸ್ ಎಂದಿದ್ದರೆ ಆ ಔಷಧಿಗೆ ಕ್ರಿಮಿ ಬಗ್ಗುತ್ತದೆ, ಆರ್ ಎಂದಿದ್ದರೆ ಬಗ್ಗುವುದಿಲ್ಲ. ನಾನು ಬೆರಳಿಟ್ಟು ನೋಡುತ್ತ ಹೋದೆ. ಆರ್, ಆರ್, ಆರ್. ಕೆಳಗಿನವರೆಗೂ ಅದೇ. ಒಂದೇ ಒಂದು ಕಡೆ ಎಸ್ ಇತ್ತು.

"ಮೊದಲು ಬಗ್ಗುತ್ತಿತ್ತು" ಎಂದರು. "ಇಷ್ಟು ವರ್ಷ ಬೇಕಿಲ್ಲದಾಗ ಹಾಕಿ, ಬೇಕಾದಾಗ ಅರ್ಧ ಹಾಕಿ, ಸಾಯದೆ ಉಳಿದವು ಕಲಿತುಬಿಟ್ಟಿವೆ. ಒದ್ದೆ ಸ್ಪಂಜಿನಲ್ಲಿ, ಆ ತೆಳ್ಳನೆ ಸ್ಯಾವ್ಲಾನ್ ನೀರಲ್ಲೂ ಇವು ಹಾಯಾಗಿ ಇರ್ತವೆ. ಇದು ನಿಮ್ಮೊಬ್ಬರ ತಪ್ಪಲ್ಲ. ನಿಯಮ ಮಾಡಿದ ನಮ್ಮವರ ತಪ್ಪು ಮೊದಲು."

ಮ್ಯಾನೇಜರ್ ಸಾಹೇಬರ ಜೊತೆ ಆದ ಮಾತುಕತೆಯನ್ನು ಹೊಸಬರು ಗಮನವಿಟ್ಟು ಓದಬೇಕು. ಮೇಲಿನವರ ಎದುರಿಗೆ ಹೇಗೆ ನಿಲ್ಲಬೇಕು ಎಂದು ನಾನು ಕಲಿತದ್ದು ಅಲ್ಲಿ. ಹುಲ್ಲಿನ ಹೊರೆ ಇಳಿಸುತ್ತಿದ್ದೆ, ಲಾಯದ ಬಾಗಿಲಲ್ಲೇ ಅವರಿಬ್ಬರೂ ನಿಂತಿದ್ದರು.

"ಒಂದು ಔಷಧಿ ಕೆಲಸ ಮಾಡುತ್ತೆ ಅಂತ ವರದಿನೇ ಹೇಳ್ತಿದೆ. ಹಾಕಿ ಡಾಕ್ಟ್ರೇ" ಎಂದರು ಸಾಹೇಬರು.

"ಹಾಕಲ್ಲ ಸಾರ್. ಅದು ಆಸ್ಪತ್ರೆಯಲ್ಲಿ ಬೇರೆ ಯಾವುದಕ್ಕೂ ಬಗ್ಗದ ರೋಗಿಗಳಿಗೆ ಅಂತ ಇಟ್ಟಿರೋದು. ಇಲ್ಲಿ ಸುರಿದ್ರೆ ನಾಳೆ ಅದರ ಮುಂದೂ ಆರ್ ಬರುತ್ತೆ. ಆ ಕ್ರಿಮಿ ಕುದುರೆ ಮೈಯಲ್ಲೇ ಇರಲ್ಲ. ತೊಳೆಯೋರ ಕೈಗೆ ಬರುತ್ತೆ, ಅವರ ಮನೆಗೆ ಹೋಗುತ್ತೆ."

"ಹಾಗಾದ್ರೆ ಕುದುರೆ ಕಳಿಸ್ತೀನಿ."

"ಈ ಸೀಸನ್ ಬಿಟ್ಟುಬಿಡಿ. ಮುಂದಿನ ಸೀಸನ್ನಿನ ಮೊದಲ ಬೆದೆವರೆಗೆ ನಂಗೆ ಕೊಡಿ. ಆಂಟಿಬಯೋಟಿಕ್ ಇಲ್ಲದೆ ಪ್ರಯತ್ನ ಮಾಡ್ತೀನಿ. ಆಗದಿದ್ರೆ ನಾನೇ ಲಾರಿ ಹತ್ತಿಸ್ತೀನಿ."

ಸಾಹೇಬರು ಗಂಗೆಯನ್ನು ನೋಡಿದರು, ನನ್ನನ್ನು ನೋಡಿದರು. "ಒಂದೇ ಬೆದೆ" ಎಂದರು.

"ಇನ್ನೊಂದು ಸಾರ್. ನರಸಮ್ಮನ್ನ ಲಾಯಕ್ಕೆ ವಾಪಸ್ ಹಾಕಿ."

"ಅವಳಿಂದಲೇ ಅಲ್ವಾ ಇದೆಲ್ಲ?"

"ತಪ್ಪು ಎಲ್ಲಾಗುತ್ತೆ ಅಂತ ಗೊತ್ತಿರೋದು ಈ ಫಾರ್ಮಲ್ಲಿ ಅವರೊಬ್ಬರಿಗೇ."

ಹೊರೆ ಎತ್ತಿಕೊಂಡು ನಾನು ಆ ಕಡೆ ಹೋದೆ. ಅಳುವುದನ್ನು ಸಾಹೇಬರು ನೋಡುವುದು ಬೇಡ ಎಂದು.

ಆ ವರ್ಷ ಮಾಡಿದ ಕೆಲಸದಲ್ಲಿ ಜಾಣತನ ಏನೂ ಇಲ್ಲ, ಬರೀ ತಾಳ್ಮೆ. ಗಂಗೆಗೆ ವಯಸ್ಸಾಗಿ ಹಿಂಭಾಗ ಸಡಿಲವಾಗಿತ್ತು, ಲದ್ದಿ ಹಾಕುವಾಗ ಗಲೀಜು ಒಳಗೆ ಹೋಗುತ್ತಿತ್ತು. ಡಾಕ್ಟರಮ್ಮ ಸೂಜಿ ಕೊಟ್ಟು ಆ ಜಾಗ ಮರಗಟ್ಟಿಸಿ, ಮೇಲಿನ ಭಾಗಕ್ಕೆ ಹೊಲಿಗೆ ಹಾಕಿ ದಾರಿ ಕಿರಿದು ಮಾಡಿದರು. ಗರ್ಭಚೀಲಕ್ಕೆ ಶುದ್ಧವಾದ ಉಪ್ಪುನೀರು ಬಿಟ್ಟು, ಹೊರಗೆ ಬಂದ ನೀರನ್ನು ಗಾಜಿನ ಜಾರಿನಲ್ಲಿ ಹಿಡಿದು ಬೆಳಕಿಗೆ ನೋಡುವುದು. ಅಕ್ಕಿ ತೊಳೆದ ನೀರಿನ ಹಾಗೆ ಬಂದರೆ ಮತ್ತೆ ಬಿಡುವುದು, ತಿಳಿಯಾಗುವವರೆಗೆ. ಆಮೇಲೆ ಗರ್ಭಚೀಲ ತಾನೇ ಹಿಂಡಿಕೊಳ್ಳಲು ಒಂದು ಸೂಜಿ. ನೀರು ನಿಲ್ಲಬಾರದೆಂದು ಅವಳನ್ನು ನಡೆಸಬೇಕು. ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ನಾನೇ ನಡೆಸಿದೆ. ಒದೆ ತಿಂದ ಎಡಗಾಲು ಎಳೆಯುತ್ತಿತ್ತು, ಅವಳು ನನ್ನ ಹೆಜ್ಜೆಗೆ ಹೊಂದಿಕೊಂಡು ನಡೆಯುತ್ತಿದ್ದಳು. ಬೀಜದ ಗಂಡುಕುದುರೆಯನ್ನೂ ಪರೀಕ್ಷೆ ಮಾಡಿಸಿದರು. ಪುಣ್ಯಕ್ಕೆ ಅದಕ್ಕೆ ಅಂಟಿರಲಿಲ್ಲ. ಇನ್ನೆರಡು ಹೆಣ್ಣುಕುದುರೆಗಳಿಗೆ ಅಂಟಿತ್ತು. ಅವುಗಳಲ್ಲಿ ಒಂದು ಕೊನೆಗೂ ಸರಿಯಾಗಲಿಲ್ಲ, ಲಾರಿ ಹತ್ತಿತು. ಅದಕ್ಕೆ ಅಂಟಿಸಿದ್ದು ನನ್ನ ಸ್ಪಂಜೇ ಇರಬೇಕು.

ಮುಂದಿನ ಫೆಬ್ರವರಿಯಲ್ಲಿ ಸ್ವಾಬ್ ಕಳಿಸಿದರು. ಹಿಂದಿನ ದಿನ ನಾನು ಗಂಗೆಯನ್ನು ತೊಳೆಯಲಿಲ್ಲ. ಅವಳ ತೊಡೆಗೆ ಲದ್ದಿ ಅಂಟಿತ್ತು, ಬಾಲದಲ್ಲಿ ಹುಲ್ಲುಕಡ್ಡಿ. ಡಾಕ್ಟರಮ್ಮ ತಾವೇ ಒರೆಸಿ ಕಡ್ಡಿ ಹಾಕಿದರು. ವರದಿಯಲ್ಲಿ ಏನೂ ಬೆಳೆದಿಲ್ಲ, ಗಾಜಿನ ಚೂರಿನಲ್ಲೂ ಕೀವಿನ ಕಣ ಇಲ್ಲ. ಮೊದಲ ಬೆದೆಗೇ ಬಿಟ್ಟರು. ಹದಿನಾರನೇ ದಿನ ಉಂಡೆ ಕಂಡಿತು. ಇಪ್ಪತ್ತೆಂಟನೇ ದಿನ ನಾನು ಪರದೆ ನೋಡಲಿಲ್ಲ, ಗಂಗೆಯ ಕಿವಿಯನ್ನೇ ನೋಡುತ್ತಿದ್ದೆ. "ಇದೆ ನರಸಮ್ಮ, ಗುಂಡಿಗೆ ಹೊಡ್ಕೋತಿದೆ" ಎಂದರು. ಏಳನೇ ತಿಂಗಳು ದಾಟುವವರೆಗೆ ನಾನು ಬಾಯಿಬಿಟ್ಟು ಯಾರ ಹತ್ತಿರವೂ ಅವಳ ಗಬ್ಬದ ಮಾತು ಆಡಲಿಲ್ಲ.

ಹನ್ನೊಂದು ತಿಂಗಳು ತುಂಬಿತು. ಹೊಲಿಗೆಯನ್ನು ಮೊದಲೇ ಬಿಚ್ಚಿದ್ದರು. ಜನವರಿಯ ಒಂದು ಬೆಳಗ್ಗೆ, ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಗಂಗೆ ಮಲಗಿ ಎದ್ದು ಮಲಗಿ ಒಂದು ಹೆಣ್ಣುಮರಿ ಹಾಕಿದಳು. ಮರಿ ಕಪ್ಪಗಿತ್ತು. ಬೂದು ಕುದುರೆಯ ಮರಿ ಹುಟ್ಟುವಾಗ ಹಾಗೇ. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಕಾಲಿಗೆ ನಿಂತು, ಬಿದ್ದು, ಮತ್ತೆ ನಿಂತು ಕೆಚ್ಚಲು ಹುಡುಕಿತು.

ಮರಿಯ ಹಿಂದೆ ಮಾಸು ಬೀಳುತ್ತದೆ. ಹೊಸಬರೇ, ಇದನ್ನು ಯಾವತ್ತೂ ಹಾಗೇ ಹೂಳಬೇಡಿ. ಸಿಮೆಂಟು ನೆಲದ ಮೇಲೆ ನೀರು ಹಾಕಿ ಅದನ್ನು ಬಿಡಿಸಿ ಹಾಸಬೇಕು. ಸರಿಯಾಗಿ ಹಾಸಿದರೆ ಪೈಜಾಮದ ಹಾಗೆ ಕಾಣುತ್ತದೆ, ಒಂದು ಕಾಲು ದಪ್ಪ, ಒಂದು ಸಣ್ಣ. ಎರಡು ಕಾಲಿನ ತುದಿಯೂ ಇರಬೇಕು. ತುದಿ ಹರಿದಿದ್ದರೆ ಆ ಚೂರು ಗರ್ಭಚೀಲದಲ್ಲೇ ಉಳಿದಿದೆ ಎಂದು ಅರ್ಥ, ಅದು ಕೊಳೆತು ಕುದುರೆಯ ಜೀವವನ್ನೇ ತೆಗೆದುಬಿಡುತ್ತದೆ. ಕಂದು ಕಲೆ, ಅಂಟು ಲೋಳೆ ಇದ್ದರೆ ಒಳಗೆ ಕ್ರಿಮಿ ಇತ್ತು ಎಂದು ಅರ್ಥ. ಇದನ್ನು ನೋಡುವುದಕ್ಕೆ ಲ್ಯಾಬು ಬೇಡ, ಕಣ್ಣು ಸಾಕು.

ನಾನು ಮಂಡಿಯೂರಿ ಗಂಗೆಯ ಮಾಸನ್ನು ಹಾಸುತ್ತಿದ್ದೆ. ಮುನಿರಾಜಪ್ಪ ಬಂದು ಪಕ್ಕದಲ್ಲಿ ನಿಂತ. ಒಂದೂವರೆ ವರ್ಷಕ್ಕಿಂತ ಹೆಚ್ಚಾಗಿತ್ತು ಅವನು ನನ್ನ ಹತ್ತಿರ ಬಂದು.

"ಒಂದ್ ಸೀಸೆ ಹಾಕ್ಬಿಡೋಣ್ವಾ ನರಸಕ್ಕ?" ಎಂದ, ಮೆಲ್ಲಗೆ. "ಇಷ್ಟೆಲ್ಲ ಪಟ್ಟು ಹುಟ್ಟಿಸಿದ್ದೀವಿ. ಏನಾದ್ರೂ ಆದ್ರೆ?"

ಅವನ ದನಿಯಲ್ಲಿ ಹಟ ಇರಲಿಲ್ಲ, ಭಯ ಇತ್ತು. ಆ ಭಯ ನನಗೂ ಇತ್ತು. ಏನನ್ನಾದರೂ ಹಾಕಿಬಿಟ್ಟರೆ ಆ ದಿನಕ್ಕೆ ಮನಸ್ಸು ಹಗುರವಾಗುತ್ತದೆ. ನಮ್ಮ ಅಷ್ಟೂ ವರ್ಷದ ಸೀಸೆಗಳು ಕುದುರೆಗಿಂತ ಹೆಚ್ಚಾಗಿ ಈ ಭಯಕ್ಕೇ ಹೋದದ್ದು.

ಡಾಕ್ಟರಮ್ಮ ಲಾಯದ ಬಾಗಿಲಲ್ಲಿದ್ದರು. ಅವರಿಗೂ ಕೇಳಿಸಿತ್ತು. ಆದರೆ ಅವರು ಮುನಿರಾಜಪ್ಪನಿಗೆ ಉತ್ತರ ಕೊಡಲಿಲ್ಲ. "ನೀವು ಹೇಳಿ ನರಸಮ್ಮ, ಏನಾದ್ರೂ ಹಾಕಬೇಕಾ?" ಎಂದು ನನ್ನನ್ನು ಕೇಳಿದರು.

ನಾನು ಮೊದಲು ದಪ್ಪ ಕಾಲಿನ ತುದಿ ನೋಡಿದೆ. ಇತ್ತು. ಸಣ್ಣ ಕಾಲಿನ ತುದಿ ಒಳಕ್ಕೆ ಮಡಚಿಕೊಂಡಿತ್ತು, ಬೆರಳು ಹಾಕಿ ಬಿಡಿಸಿದೆ. ಅದೂ ಪೂರ್ತಿ ಇತ್ತು. ತಿರುಗಿಸಿ ಹಾಕಿ ಇನ್ನೊಂದು ಮಗ್ಗುಲು ನೋಡಿದೆ. ಮಖಮಲ್ಲಿನ ಹಾಗೆ ಕೆಂಪಗೆ, ಒಂದು ಕಲೆ ಇಲ್ಲ. ಮೂಗಿನ ಹತ್ತಿರ ಹಿಡಿದೆ, ಹಸಿ ರಕ್ತದ ವಾಸನೆ ಬಿಟ್ಟರೆ ಬೇರೆ ಇಲ್ಲ. ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಯಾರೂ ಅವಸರ ಮಾಡಲಿಲ್ಲ.

"ಏನೂ ಬೇಡ ಮೇಡಂ" ಎಂದೆ.

ಮುನಿರಾಜಪ್ಪ ಬಗ್ಗಿ, ಮಾಸಿನ ಇನ್ನೊಂದು ತುದಿ ಹಿಡಿದು ನನ್ನ ಜೊತೆ ಎತ್ತಿದ. ಒಳಗೆ ಗಂಗೆ ಮರಿಯನ್ನು ನೆಕ್ಕುತ್ತಿದ್ದಳು. ನಾವು ಮೂವರೂ ಹೊರಗೆ ಬಂದು ಲಾಯದ ಬಾಗಿಲು ಹಾಕಿಕೊಂಡೆವು.